ಬೇಸ್‌ಮೆಂಟ್ ಗೋಡೆ ಒಳಕ್ಕೆ ಬಾಗಿದರೆ: ಮಿಶಿಗನ್‌ನಲ್ಲಿರುವ ಮಲೆನಾಡಿನವರಿಗೆ

ಸಾಗರದಲ್ಲಿ ಆಷಾಢದ ಮಳೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು, ಇನ್ವರ್ಟರ್ ಕೊನೆಯುಸಿರು ಎಳೆಯುತ್ತಿತ್ತು. ಅಷ್ಟರಲ್ಲಿ ಅಕ್ಕನ ಮಗ ಮಿಶಿಗನ್ನಿಂದ ಒಂದು ಫೋಟೊ ಕಳಿಸಿದ. ಬೇಸ್‌ಮೆಂಟಿನ ಬ್ಲಾಕ್ ಗೋಡೆಯ ನಡುಮಟ್ಟದಲ್ಲಿ ಹಗ್ಗ ಎಳೆದ ಹಾಗೆ ಅಡ್ಡ ಬಿರುಕು. ಅದು ಎಷ್ಟು ಅಗಲ ಎಂದು ತೋರಿಸಲು ಒಂದು ನಾಣ್ಯ ಸಿಕ್ಕಿಸಿದ್ದ. "ಮಾವ, ಇದಕ್ಕೆ ಸಿಮೆಂಟ್ ಮೆತ್ತಿದರೆ ಸಾಕಾ?" ಪಕ್ಕದಲ್ಲಿ ಕವಳ ಹಾಕುತ್ತಿದ್ದ ಭಾವ ಇಣುಕಿ ನೋಡಿ, "ಒಳ್ಳೆ ಮೇಸ್ತ್ರಿ ಹಿಡಿದು ಬಿಚ್ಚಿ ಕಟ್ಟಿಸು ಅನ್ನು, ನಾಲ್ಕು ದಿನದ ಕೆಲಸ" ಎಂದರು. ಡೆಟ್ರಾಯ್ಟ್ ಹೊರವಲಯದಲ್ಲಿ ಹದಿನಾರು ವರ್ಷ ಇದ್ದು, ಇಂಥದೇ ಗೋಡೆ ಬದಲಿಸಿ ಬಂದವನು ನಾನು. ಆ ನಾಲ್ಕು ದಿನಕ್ಕೆ ಮೊದಲು ತಿಂಗಳುಗಟ್ಟಲೆ ಕಾಗದದ ಕೆಲಸವಿದೆ ಎಂದು ಅಪ್ಪ ಮಗ ಇಬ್ಬರಿಗೂ ಹೇಳಬೇಕಾಯಿತು.

ಮೊದಲು ಗೋಡೆ ಯಾಕೆ ಬಾಗುತ್ತದೆ ಅನ್ನುವುದು. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯ ಹಿಂದಿನ ಧರೆ ಕುಸಿಯುವುದನ್ನು ನೋಡಿಯೇ ಬೆಳೆದವರು. ಮಣ್ಣು ತಾನಾಗಿ ಬರುವುದಿಲ್ಲ, ಹೊರದಾರಿ ಇಲ್ಲದ ನೀರು ಅದನ್ನು ತಳ್ಳಿಕೊಂಡು ಬರುತ್ತದೆ. ಬೇಸ್‌ಮೆಂಟ್ ಎಂದರೆ ನಾಲ್ಕೂ ಸುತ್ತ ಧರೆ ಒರಗಿಕೊಂಡಿರುವ ಕೋಣೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಮನೆಯನ್ನು ಎತ್ತಬಾರದು ಎಂದು ಮಿಶಿಗನ್‌ನಲ್ಲಿ ಪಾಯ 42 ಇಂಚಾದರೂ ಕೆಳಗಿರಬೇಕು. ಹೇಗೂ ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದು ಒಂದು ಅಂತಸ್ತನ್ನೇ ಮಾಡಿಕೊಂಡರು. ಹಳೆಯ ಮನೆಗಳಲ್ಲಿ ಆ ಗೋಡೆ ಬರೀ ಪೊಳ್ಳು ಬ್ಲಾಕ್, ಬಹಳ ಕಡೆ ಒಳಗೆ ಒಂದು ಕಂಬಿಯೂ ಇಲ್ಲ.

ಒಂದು ಘನ ಅಡಿ ನೀರಿನ ತೂಕ 62.4 ಪೌಂಡ್, ಅಂದರೆ 28 ಕಿಲೋ. ಗೋಡೆಯ ಹೊರಗೆ 7 ಅಡಿ ಎತ್ತರಕ್ಕೆ ನೀರು ನಿಂತರೆ, ಗೋಡೆಯ ಒಂದೊಂದು ಅಡಿ ಉದ್ದಕ್ಕೂ ಸುಮಾರು 690 ಕಿಲೋ ಒತ್ತಡ. 40 ಅಡಿ ಗೋಡೆಗೆ ಹತ್ತಿರ ಹತ್ತಿರ 28 ಟನ್. ಮಣ್ಣಿನ ಭಾರ ಬೇರೆ. ಅಲ್ಲಿನ ಜೇಡಿ ನೆನೆದರೆ ಹಿಗ್ಗುತ್ತದೆ, ಅದೂ ಬೇರೆ.

ನೋಡುವ ಕ್ರಮ ಹೀಗೆ. ಮೇಲಿನ ಜೋಯಿಸ್ಟಿಗೆ, ಅಂದರೆ ಮೇಲಿನ ನೆಲವನ್ನು ಹೊತ್ತ ಅಡ್ಡತೊಲೆಗೆ, ದಾರ ಕಟ್ಟಿ ತೂಕದ ಗುಂಡು ಇಳಿಬಿಡಿ. ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಮೇಲೆ, ನಡುವೆ, ಕೆಳಗೆ ಅಳೆದು ತಾರೀಖಿನ ಸಮೇತ ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಮೇಲಿಂದ ಕೆಳಕ್ಕೆ ಹೋಗುವ ಕೂದಲೆಳೆಯಂಥ ಬಿರುಕಿಗೆ ಗಾಬರಿ ಬೇಡ. ಅಡ್ಡ ಬಿರುಕು, ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು, ಕೆಳಗಿನ ವರಸೆ ಒಳಕ್ಕೆ ಜಾರಿರುವುದು – ಇವು ಕಂಡರೆ ಸುಮ್ಮನಿರಬೇಡಿ.

ಈಗ ಯಾರಿಗೆ ಫೋನ್ ಮಾಡಬೇಕು? ನಾನು ತಪ್ಪಿದ್ದೇ ಇಲ್ಲಿ. ಜಾಹೀರಾತು ನೋಡಿ ಒಂದು ಕಂಪನಿಗೆ ಮಾಡಿದೆ. "ಉಚಿತ ತಪಾಸಣೆ"ಗೆ ಬಂದವನು ಎಂಜಿನಿಯರ್ ಅಲ್ಲ, ಸೇಲ್ಸ್‌ನವನು. ಡೈನಿಂಗ್ ಟೇಬಲ್ ಮೇಲೆ ಐಪ್ಯಾಡ್ ಇಟ್ಟು, ಇವತ್ತೇ ಸಹಿ ಮಾಡಿದರೆ ಮಾತ್ರ ಈ ರೇಟು ಎಂದ. ಮಾಡಿಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಪುಣ್ಯಕ್ಕೆ ಅಲ್ಲಿ ಕೇಂದ್ರದ ನಿಯಮವೊಂದಿದೆ: ಮನೆಗೇ ಬಂದು ಮಾಡಿಸಿಕೊಂಡ ಇಂಥ ಒಪ್ಪಂದವನ್ನು ಮೂರು ಕೆಲಸದ ದಿನದೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು. ಎರಡನೇ ದಿನ ರಿಜಿಸ್ಟರ್ಡ್ ಪೋಸ್ಟ್ ಹಾಕಿ ಪಾರಾದೆ.

ಆದ್ದರಿಂದ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್. ರಾಜ್ಯದ ಲೈಸೆನ್ಸ್ ಇರುವ, ರಿಪೇರಿ ಕೆಲಸ ಮಾರದ ಮನುಷ್ಯ. ಅವರು ತಮ್ಮ ಫೀಸು ತೆಗೆದುಕೊಂಡು ವರದಿ ಕೊಡುತ್ತಾರೆ. ಬಾಗು ಅಲ್ಪವಿದ್ದರೆ ಕಾರ್ಬನ್ ಫೈಬರ್ ಪಟ್ಟಿ, ಇನ್ನೂ ಸ್ವಲ್ಪ ಹೆಚ್ಚಿದ್ದರೆ ಸ್ಟೀಲ್ ಕಂಬ ಸಾಕಾಗಬಹುದು. ಗೋಡೆ ಮುರಿದೇ ಹೋಗಿದ್ದರೆ ಕೆಡವಿ ಕಟ್ಟಲು ನಕ್ಷೆ ಬರೆದು ಸೀಲ್ ಹಾಕಿಕೊಡುತ್ತಾರೆ. ಆ ನಕ್ಷೆ ಕೈಯಲ್ಲಿದ್ದರೆ ಮೂವರು ಕಾಂಟ್ರಾಕ್ಟರುಗಳ ಕೊಟೇಶನ್ ಒಂದೇ ಕೆಲಸದ ಮೇಲೆ ಬರುತ್ತದೆ. ಇಲ್ಲದಿದ್ದರೆ ಮೂವರದೂ ಮೂರು ದಾರಿ.

ಮನೆ ವಿಮೆ ಇದೆಯಲ್ಲ ಎಂದು ಅಳಿಯನೂ ಕೇಳಿದ. ಸಾಮಾನ್ಯ ಪಾಲಿಸಿಯಲ್ಲಿ ಪಾಯ ಬಿರಿಯುವುದು, ಉಬ್ಬುವುದು, ಕೂರುವುದು, ನೆಲದಡಿಯ ನೀರಿನ ಒತ್ತಡ ಎಲ್ಲ ಹೊರಗೆ. ದುಡ್ಡು ಕೈಯಿಂದಲೇ, ಇಲ್ಲವೇ ಮನೆಯ ಮೇಲಿನ ಸಾಲದಿಂದ.

ಮಿಶಿಗನ್‌ನಲ್ಲಿ 600 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಕೆಲಸಕ್ಕೆ ಬಿಲ್ಡರ್ ಲೈಸೆನ್ಸ್ ಬೇಕು. ಇದೆಯೋ ಇಲ್ಲವೋ ರಾಜ್ಯದ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಪರ್ಮಿಟ್ ಕೊಡುವುದು ನಿಮ್ಮ ಸಿಟಿ ಅಥವಾ ಟೌನ್‌ಶಿಪ್‌ನ ಬಿಲ್ಡಿಂಗ್ ಇಲಾಖೆ. "ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೆಸಿ ಸಾರ್, ಬೇಗ ಆಗುತ್ತೆ" ಎನ್ನುವ ಕಾಂಟ್ರಾಕ್ಟರನನ್ನು ಅಲ್ಲಿಂದಲೇ ಕಳಿಸಿಬಿಡಿ. ಹೆಸರು ನಿಮ್ಮದಾದರೆ ಹೊಣೆಯೂ ನಿಮ್ಮದೇ.

ಅಗೆಯುವ ಮೊದಲು, ನೆಲದಡಿಯ ತಂತಿ ಪೈಪುಗಳನ್ನು ಗುರುತಿಸಿಕೊಡುವ 811 ನಂಬರಿಗೆ ಕರೆ ಹೋಗಬೇಕು, ಕನಿಷ್ಠ ಮೂರು ಕೆಲಸದ ದಿನ ಮುಂಚೆ. ಇದು ಉಚಿತ. ಆಮೇಲೆ ಒಂದು ಬೆಳಗ್ಗೆ ನಿಮ್ಮ ಹುಲ್ಲಿನ ಮೇಲೆ ರಂಗೋಲಿ ಬಿದ್ದಿರುತ್ತದೆ: ಕೆಂಪು ವಿದ್ಯುತ್ತು, ಹಳದಿ ಗ್ಯಾಸು, ಕಿತ್ತಳೆ ಫೋನು ಕೇಬಲ್ಲು, ನೀಲಿ ಕುಡಿಯುವ ನೀರು, ಹಸಿರು ಚರಂಡಿ.

ಕೆಲಸ ನೋಡಲು ಮಾತ್ರ ಎದೆ ಗಟ್ಟಿಯಿರಬೇಕು. ಗೋಡೆಯಿಂದ ಸ್ವಲ್ಪ ಒಳಗೆ ಉದ್ದಕ್ಕೂ ತೊಲೆ ಇಟ್ಟು, ಅಡಿಗೆ ಸ್ಕ್ರೂ ಜ್ಯಾಕ್ ಕೊಟ್ಟು, ಮೇಲಿನ ಮನೆಯ ಭಾರವನ್ನು ಅದಕ್ಕೆ ದಾಟಿಸುತ್ತಾರೆ. ಜ್ಯಾಕನ್ನು ಒಮ್ಮೆಗೆ ಕಾಲು ಸುತ್ತು ತಿರುಗಿಸುವುದು, ನಿಂತು ಕೇಳುವುದು, ಮತ್ತೆ ಕಾಲು ಸುತ್ತು. ಮರ ಕಿರ್ರೆನ್ನುತ್ತದೆ. ಆಮೇಲೆ ಹೊರಗೆ ಮಣ್ಣು ತೋಡಿ, ಬ್ಲಾಕು ತೆಗೆದಾಗ ಅಡುಗೆಮನೆಯ ಅಡಿಯಲ್ಲಿ ಬೆಳಕು ಕಾಣುತ್ತದೆ. ನನ್ನ ಹೆಂಡತಿ ಅವತ್ತು ಚಹಾ ಕಾಸಲೂ ಒಳಗೆ ಹೋಗಲಿಲ್ಲ.

ಹೊಸ ಗೋಡೆ ಕಂಬಿ ಹಾಕಿದ ಕಾಂಕ್ರೀಟು, ಇಲ್ಲವೇ ಕಂಬಿ ಇಳಿಸಿ ಗ್ರೌಟ್ (ತೆಳುವಾಗಿ ಕಲಸಿದ ಸಿಮೆಂಟ್ ಗಾರೆ) ತುಂಬಿದ ಬ್ಲಾಕು. ಅದರ ಹೊರಮೈಗೆ ನೀರು ತಡೆಯುವ ಪದರ. ಬುಡದಲ್ಲಿ ಜಲ್ಲಿಯ ನಡುವೆ ತೂತಿನ ಪೈಪು, ಅದು ಸಂಪ್‌ಗೆ, ಅಂದರೆ ನೀರು ಸೇರುವ ಗುಂಡಿಗೆ, ಹೋಗಬೇಕು. ಇದು ನಮ್ಮ ತೋಟದ ಬಸಿಗಾಲುವೆಯೇ, ಹೆಸರು ಮಾತ್ರ ಡ್ರೈನ್ ಟೈಲ್. ಕಾಂಟ್ರಾಕ್ಟರ್ ದುಡ್ಡು ಉಳಿಸಲು ನೋಡುವುದೂ ಇಲ್ಲೇ, ಮುಚ್ಚಿಹೋಗುವ ಕೆಲಸವಲ್ಲವೇ! ಅದಕ್ಕೇ ಮಣ್ಣು ತುಂಬುವ ಮೊದಲು ಇನ್ಸ್‌ಪೆಕ್ಟರ್ ಬಂದು ನೋಡಬೇಕು. ನೀವೂ ಫೋಟೊ ತೆಗೆದಿಡಿ. ಗೋಡೆಗೆ ಬಲ ಬಂದು, ಮೇಲಿನ ನೆಲಕ್ಕೆ ಬಿಗಿಯುವವರೆಗೆ ಮಣ್ಣು ತುಂಬಿಸಬೇಡಿ. ಆತುರಪಟ್ಟರೆ ಹೊಸ ಗೋಡೆಯೂ ಬಾಗುತ್ತದೆ. ಕೊನೆಗೆ ನೆಲ ಮನೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರಾಗಿರಲಿ. ಸೂರಿನ ನೀರಿನ ಪೈಪು ಗೋಡೆಯ ಬುಡದಲ್ಲಿ ಸುರಿಯದಿರಲಿ.

ಹಣ ಕಂತಿನಲ್ಲಿ ಕೊಡಿ. ನೀವು ಪೂರ್ತಿ ಕೊಟ್ಟರೂ ಕಾಂಟ್ರಾಕ್ಟರನು ಕಾಂಕ್ರೀಟಿನವನಿಗೆ ಕೊಡದಿದ್ದರೆ, ಆ ಕಾಂಕ್ರೀಟಿನವನು ನಿಮ್ಮ ಮನೆಯ ಮೇಲೆ ಲಿಯನ್ (ಬಾಕಿಗಾಗಿ ಕಾನೂನಿನ ಹಕ್ಕು) ಹಾಕಬಹುದು. ಪ್ರತಿ ಕಂತಿಗೂ ಮುಂಚೆ ಯಾರಿಗೆಷ್ಟು ಬಾಕಿ ಎಂದು ಕಾಂಟ್ರಾಕ್ಟರ್ ಪ್ರಮಾಣ ಮಾಡಿ ಬರೆದುಕೊಡುವ ಸ್ವೋರ್ನ್ ಸ್ಟೇಟ್‌ಮೆಂಟ್ ಕೇಳಿ. ಹಣ ಸಂದವರಿಂದ ಆ ಹಕ್ಕು ಬಿಟ್ಟುಕೊಟ್ಟ ಲಿಯನ್ ವೇವರ್ ಪತ್ರ ಬರಲಿ. ಮುಂದೆ ಮನೆ ಮಾರುವಾಗ ಬೇಸ್‌ಮೆಂಟಿಗೆ ನೀರು ಬಂದಿತ್ತೇ, ಪರ್ಮಿಟ್ ಇಲ್ಲದೆ ರಿಪೇರಿ ಮಾಡಿಸಿದ್ದೀರಾ ಎಂದು ಮಾರುವವರು ಮನೆಯ ಸ್ಥಿತಿ ತಿಳಿಸುವ ಡಿಸ್‌ಕ್ಲೋಶರ್ ಫಾರಮ್ಮಿನಲ್ಲೇ ಕೇಳುತ್ತಾರೆ. ಎಂಜಿನಿಯರರ ವರದಿ, ಮುಕ್ತಾಯವಾದ ಪರ್ಮಿಟ್, ಫೋಟೊಗಳು ಒಂದೇ ಫೈಲಿನಲ್ಲಿರಲಿ.

ಇಷ್ಟೂ ಕೇಳಿಸಿಕೊಂಡ ಭಾವ ಕವಳ ಉಗಿದು ಬಂದು ಒಂದೇ ಕೇಳಿದರು: "ಪಾಯಕ್ಕೆ ಪೂಜೆ ಮಾಡಲು ಆ ಇನ್ಸ್‌ಪೆಕ್ಟರ್ ಬಿಡ್ತಾನಾ?" ಬಿಡುತ್ತಾನೆ. ಅವನು ನೋಡಿ ಹೋದ ಮೇಲೆ ಕಾಂಕ್ರೀಟ್ ಲಾರಿ ಬರುವವರೆಗೆ ಸ್ವಲ್ಪ ಹೊತ್ತು ಸಿಗುತ್ತದೆ. ನಾನು ಆಗಲೇ ಒಂದು ತೆಂಗಿನಕಾಯಿ ಒಡೆದಿದ್ದೆ.