ಬೋರ್ಡ್ ಬದಲಿಸದೆ ಹಳೇ ಗೇಮಿಂಗ್ ಪಿಸಿ ಎಬ್ಬಿಸಿದ್ದು: 20 ಸಾವಿರದ ಲೆಕ್ಕ

ನನ್ನ ಹಳೇ ಪಿಸಿ: ಬಿ450 ಮದರ್‌ಬೋರ್ಡ್, ರೈಜೆನ್ 3 2200ಜಿ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಇದಕ್ಕೆ ದುಡ್ಡು ಸುರಿಯೋದು ದಂಡ, ಮಾರಿ ಹೊಸದು ಕಟ್ಟಿಸು ಅಂತ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡಲ್ಲೂ ಹೇಳಿದರು, ಗೆಳೆಯರೂ ಹೇಳಿದರು. ಹೊಸ ಎಎಂ5 ಸಾಕೆಟ್, ಡಿಡಿಆರ್5 ರ‍್ಯಾಮ್ ಅಂತ ಹೊರಟಿದ್ದರೆ ಗ್ರಾಫಿಕ್ಸ್ ಕಾರ್ಡ್ ಮುಟ್ಟೋ ಮೊದಲೇ ಆಗಲೇ ಮೂವತ್ತು ಸಾವಿರ ಖಾಲಿಯಾಗುತ್ತಿತ್ತು. ಅದೇ ಬೋರ್ಡ್ ಇಟ್ಟುಕೊಂಡು, ಇಪ್ಪತ್ತು ಸಾವಿರ ಚಿಲ್ಲರೆಯಲ್ಲಿ, 1080ಪಿಯಲ್ಲಿ ಸೈಬರ್‌ಪಂಕ್ 2077 ಹೈ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ (ಎಫ್‌ಪಿಎಸ್) ಆಸುಪಾಸು ಓಡುತ್ತಿದೆ.

ಮೊದಲ ಸಲ ಎಡವಿದ್ದು ಕಾರ್ಡಿನಿಂದ ಶುರು ಮಾಡಿದ್ದಕ್ಕೆ. ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 580, ಐದೂವರೆ ಸಾವಿರ. ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ತೆರೆದರೆ ಶೇಡರ್ (ಚಿತ್ರದ ಲೆಕ್ಕ ಹಾಕೋ ಘಟಕ) 2304 ಇರಬೇಕಾದಲ್ಲಿ 2048: ಹೆಸರು 580, ಒಳಗೆ ಹೆಚ್ಚುಕಮ್ಮಿ 570. ಅದಕ್ಕಿಂತ ದೊಡ್ಡ ಪೆಟ್ಟು ಪ್ರೊಸೆಸರ್‌ದು. ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಮ್ಮೆಗೆ ನಾಲ್ಕೇ ಕೆಲಸ. ಅದು ನೂರಕ್ಕೆ ನೂರು ಉಸಿರುಗಟ್ಟುತ್ತಿತ್ತು, ಕಾರ್ಡ್ ಮಾತ್ರ ಶೇಕಡಾ 50-60ರಲ್ಲಿ ಕಾಯುತ್ತಾ ಕೂತಿತ್ತು. ಸರಾಸರಿ ಎಫ್‌ಪಿಎಸ್ ಚೆನ್ನಾಗಿ ಕಂಡರೂ ಆಟ ಜರ್ಕ್ ಹೊಡೆಯುತ್ತಿತ್ತು. ಸಾವಿರದ ಐನೂರು ಕಳೆದುಕೊಂಡು ಆ ಕಾರ್ಡ್ ದಾಟಿಸಿದೆ.

ಎರಡನೇ ಸಲದ ಲೆಕ್ಕ ನೆನಪಿದ್ದಷ್ಟು: ರೈಜೆನ್ 5 5600 ಒಂಬತ್ತು ಸಾವಿರ, ಹಳೇ ಆರ್‌ಎಕ್ಸ್ 6600 ಹನ್ನೆರಡು, 450 ವ್ಯಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಮೂರು ಚಿಲ್ಲರೆ, 3200ರ ವೇಗದ 8+8 ಜಿಬಿ ರ‍್ಯಾಮ್ ಜೋಡಿ ಎರಡೂವರೆ. ರ‍್ಯಾಮ್ ರೇಟ್ ಏರೋ ಮುಂಚಿನ ಮಾತು ಇದು. 2200ಜಿ ಮತ್ತು 1050 ಟಿಐ ಮಾರಿ ಬಂದದ್ದು ಆರೂವರೆ.

ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಅಗ್ಗ ಅಂತ ಅದರ ಕಡೆ ಹೋಗಬೇಡಿ. ಅದಕ್ಕೆ ಪಿಸಿಐಇ ಲೇನ್ (ಬೋರ್ಡ್ ಜೊತೆ ಡೇಟಾ ಸಾಗೋ ದಾರಿ) ನಾಲ್ಕೇ; ಬಿ450ಯ 3.0 ಸ್ಲಾಟಲ್ಲಿ ಬ್ಯಾಂಡ್‌ವಿಡ್ತ್ ಅರ್ಧಕ್ಕಿಳಿಯುತ್ತೆ, ಮೆಮೊರಿಯೂ 4 ಜಿಬಿ, ತುಂಬಿದ ಕೂಡಲೇ ಆಟ ಕುಸಿಯುತ್ತೆ. 6600ಕ್ಕೆ ಎಂಟು ಲೇನ್, 8 ಜಿಬಿ. 3.0ಯಲ್ಲಿ ಆಗೋ ನಷ್ಟ ಕಣ್ಣಿಗೆ ಕಾಣಲ್ಲ.

ಹೊಸ ಪ್ರೊಸೆಸರ್ ಡಬ್ಬಿ ಬಿಚ್ಚೋ ಮುಂಚೆ, ಹಳೇದು ಸಾಕೆಟ್‌ನಲ್ಲಿರುವಾಗಲೇ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಹೊಸ ಆವೃತ್ತಿಗೆ ಏರಿಸಬೇಕು. ಪೆನ್‌ಡ್ರೈವ್ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಕೆಲವು ಬೋರ್ಡ್‌ಗಳು ನೇರ ಕೊನೇ ಆವೃತ್ತಿಗೆ ಹಾರಲು ಬಿಡಲ್ಲ, ನಡುವಿನ ಒಂದು ಆವೃತ್ತಿ ಹತ್ತಿ ಹೋಗಬೇಕು. ಡೌನ್‌ಲೋಡ್ ಪುಟದ ಸಣ್ಣಕ್ಷರ ಓದಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಪ್ರೊಸೆಸರ್ ಬದಲಾದಾಗ ಎಫ್‌ಟಿಪಿಎಂ (ಕೀ ಕಾಯೋ ಭದ್ರತಾ ಭಾಗ) ರೀಸೆಟ್ ಮಾಡಲೇ ಅಂತ ಕೇಳುತ್ತೆ.

ಕೂಲರ್ ಬಿಚ್ಚೋ ಮುಂಚೆ ಹತ್ತು ನಿಮಿಷ ಯಾವುದಾದರೂ ಆಟ ಓಡಿಸಿ, ಆಫ್ ಮಾಡಿ, ವೈರ್ ಕಿತ್ತು, ಪೇಸ್ಟ್ ಬಿಸಿ ಇರುವಾಗಲೇ ಕೈ ಹಾಕಿ. ಸ್ಕ್ರೂ ನಾಲ್ಕೂ ಬಂದ ಮೇಲೆ ಮೇಲೆತ್ತಬೇಡಿ, ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ. ಒಣಗಿದ ಪೇಸ್ಟ್ ಸಮೇತ ಎಳೆದರೆ ಲಿವರ್ ಲಾಕ್ ಆಗಿದ್ದರೂ ಪ್ರೊಸೆಸರ್ ಕೂಲರಿಗೇ ಅಂಟಿಕೊಂಡು ಕಿತ್ತು ಬರುತ್ತೆ, ನನಗೆ ಹಾಗೇ ಬಂತು, ಮೂಲೆಯ ಎರಡು ಪಿನ್ ಬಾಗಿದವು. ಮೆಕ್ಯಾನಿಕಲ್ ಪೆನ್ಸಿಲ್ಲಿನ ಲೆಡ್ ತೆಗೆದು, ಖಾಲಿ ತುದಿಯನ್ನು ಪಿನ್ನಿಗೆ ತೊಡಿಸಿ, ಕೂದಲೆಳೆಯಷ್ಟೇ ನಿಮಿರಿಸುತ್ತಾ ಸಾಲಿಗೆ ತಂದೆ. ಅದೇ 2200ಜಿ ಕೆಲಸ ಮಾಡಿ ಮಾರಾಟವೂ ಆಯಿತು. ಸ್ಕ್ರೂ ಬಿಚ್ಚುವಾಗ ಬೋರ್ಡಿನ ಹಿಂದಿನ ಪ್ಲೇಟ್ ಕಳಚಿ ಬೀಳುತ್ತೆ, ಒಂದು ಕೈ ಅಲ್ಲಿರಲಿ.

ರ‍್ಯಾಮ್ ಪ್ರೊಸೆಸರಿನಿಂದ ಎಣಿಸಿ ಎರಡು ಮತ್ತು ನಾಲ್ಕನೇ ಸ್ಲಾಟಿಗೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮಿನ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ಕ್ಕೆ ಕೊಟ್ಟ ದುಡ್ಡು ವ್ಯರ್ಥ. ಮೊದಲ ಬೂಟ್‌ನಲ್ಲಿ ಒಂದೆರಡು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಮೆಮೊರಿ ಟ್ರೇನಿಂಗ್ ನಡೀತಿರುತ್ತೆ. ಗಾಬರಿಯಾಗಿ ಪವರ್ ಒತ್ತಬೇಡಿ.

ವಿಂಡೋಸ್ 11ರಲ್ಲಿ ಈ ಭದ್ರತಾ ಸೆಟ್ಟಿಂಗ್‌ಗಳನ್ನು ಕೇಳೋ ವ್ಯಾಲರಂಟ್ ಆಟ ಆಡೋರಿಗೆ ಕ್ರಮ ಮುಖ್ಯ: ಎಫ್‌ಟಿಪಿಎಂ ಆನ್, ಡಿಸ್ಕ್ ಹಳೇ ಎಂಬಿಆರ್ ವಿಭಜನೆಯದಾಗಿದ್ದರೆ ವಿಂಡೋಸ್‌ನದೇ ಎಂಬಿಆರ್2ಜಿಪಿಟಿ ಟೂಲಿನಿಂದ ಹೊಸ ಜಿಪಿಟಿ ಮಾದರಿಗೆ, ಆಮೇಲೆ ಸಿಎಸ್‌ಎಂ (ಹಳೇ ಬೂಟ್ ವಿಧಾನ) ಆಫ್, ಕೊನೆಗೆ ಸೆಕ್ಯೂರ್ ಬೂಟ್ ಆನ್. ಸಿಎಸ್‌ಎಂ ಮೊದಲೇ ಆಫ್ ಮಾಡಿದರೆ ಡ್ರೈವ್ ಬೂಟೇ ಆಗಲ್ಲ.

ಇದರ ಜೊತೆಗೇ ಒಂದಿಷ್ಟು ಪ್ರಯೋಗ. ಕ್ಯಾಬಿನೆಟ್ಟಿನ ಮುಂದಿನ ಗಾಜು ತೆಗೆದು ನೋಡಿದೆ, ಕಾರ್ಡ್ ಐದಾರು ಡಿಗ್ರಿ ಇಳಿಯಿತು. ಸೊಳ್ಳೆಪರದೆಯ ಬಲೆ ಅಂಟಿಸಿ ಹಾಗೇ ಬಿಟ್ಟಿದ್ದೇನೆ. 6600ರ ವೋಲ್ಟೇಜ್ 1150 ಮಿಲಿವೋಲ್ಟ್‌ನಿಂದ 1070ಕ್ಕೆ ಇಳಿಸಿದರೂ ಎಫ್‌ಪಿಎಸ್ ಕದಲಲಿಲ್ಲ, ಫ್ಯಾನ್ ಸದ್ದು ಮಾತ್ರ ಇಳಿಯಿತು. 5600ರ ಕರ್ವ್ ಆಪ್ಟಿಮೈಸರ್‌ನಲ್ಲಿ (ಕೋರಿನ ವೋಲ್ಟೇಜ್ ಇಳಿಸೋ ಬಯೋಸ್ ಸೆಟ್ಟಿಂಗ್) ಎಲ್ಲ ಕೋರಿಗೂ ಮೈನಸ್ 15ರಿಂದ ಶುರು ಮಾಡಿ. ಕೋರ್‌ವಾರು ಅಂಕಿ ಹೇಗೆ ಹುಡುಕಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಹಳೇ ಕಾರ್ಡ್ ಕೊಳ್ಳುವಾಗ ದುಡ್ಡು ಕೊಡೋ ಮುಂಚೆ ನೋಡೋ ಒಂದು ಗುರುತೂ ಹಾಗೇ. ಕಾರ್ಡಿಗೆ ಪೂರ್ತಿ ಹೊರೆ ಹಾಕೋ ಫರ್‌ಮಾರ್ಕ್ ಹದಿನೈದು ನಿಮಿಷ ಓಡಿಸಿ ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ ತಾಪ ನೋಡಿ, ಅಷ್ಟು ಹೇಳಬಲ್ಲೆ.

ಕ್ಯಾಬಿನೆಟ್ ಜೊತೆ ಬಂದಿದ್ದ ‘500 ವ್ಯಾಟ್’ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ ವೈರೇ ಇರಲಿಲ್ಲ. ಹಳೇ ನಾಲ್ಕು ಪಿನ್ ಮೋಲೆಕ್ಸ್ ವೈರಿನಿಂದ ಬದಲಿಸೋ ಕನ್ವರ್ಟರ್ ಹಾಕಿದ ದಿನವೇ ಲೋಡ್ ಬಿದ್ದಾಗ ರೀಸ್ಟಾರ್ಟ್, ಕನೆಕ್ಟರ್ ಮುಟ್ಟಿದರೆ ಸುಡುತ್ತಿತ್ತು. ಎಸ್‌ಎಂಪಿಎಸ್‌ಗೆ ಮೂರು ಸಾವಿರ ಇಟ್ಟದ್ದು ಅದಕ್ಕೇ. ಈಗ ಮಾನಿಟರ್ ಸೇರಿ ಗೋಡೆಯ ಮೀಟರ್ 230 ವ್ಯಾಟ್ ಸುತ್ತಮುತ್ತ ತೋರಿಸುತ್ತೆ. ನನ್ನ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್. ಕರೆಂಟ್ ಹೋದರೆ ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತಿದೆ.