ಗಡ್ಡ ಚೆನ್ನಾಗಿ ನೆನೆದರೆ ಬ್ಲೇಡು ಬಾಳುತ್ತದೆ

ಅಕ್ಕಿ, ಬೇಳೆ, ಎಣ್ಣೆಯ ಬೆಲೆಯನ್ನು ರೂಪಾಯಿ ರೂಪಾಯಿಗೆ ಲೆಕ್ಕ ಹಾಕುವ ಮನೆಗಳಲ್ಲಿಯೂ ಮುಖಕ್ಷೌರದ ಖರ್ಚನ್ನು ಯಾರೂ ಚೀಟಿಯಲ್ಲಿ ಬರೆದಿಡುವುದಿಲ್ಲ. ನಮ್ಮ ಮನೆಯಲ್ಲಿ ನಾನು ಮತ್ತು ಇಬ್ಬರು ಗಂಡುಮಕ್ಕಳು ಸೇರಿ ಮೂವರು ಗಡ್ಡ ತೆಗೆಯುವವರಿದ್ದೇವೆ. ಒಂದು ವರ್ಷ ಈ ಬಾಬತ್ತನ್ನೂ ದಿನಸಿಯ ಪುಸ್ತಕದಲ್ಲಿಯೇ ಬರೆದಿಟ್ಟೆ. ವರ್ಷದ ಕೊನೆಯಲ್ಲಿ ಮೊತ್ತ ಹಾಕಿದಾಗ, ಮಕ್ಕಳು ಬಳಸುತ್ತಿದ್ದ, ರೇಜರ್‌ನ ಹಿಡಿಗೆ ಸಿಕ್ಕಿಸುವ ನಾಲ್ಕೈದು ಅಲಗಿನ ಕಾರ್ಟ್ರಿಜ್‌ಗಳ ವೆಚ್ಚ ಮನೆಯ ಒಂದು ತಿಂಗಳ ಹಾಲಿನ ಬಾಕಿಯನ್ನು ಮೀರಿತ್ತು.

ಬ್ಲೇಡನ್ನು ಕೊಳ್ಳುವಾಗ ಪೊಟ್ಟಣದ ಬೆಲೆಯನ್ನು ನೋಡದೆ, ಒಂದು ಕ್ಷೌರಕ್ಕೆ ಎಷ್ಟು ಬೀಳುತ್ತದೆ ಎಂಬುದನ್ನು ನೋಡಬೇಕು. ಒಂದು ಕಾರ್ಟ್ರಿಜ್‌ಗೆ 160 ರೂಪಾಯಿ, ಅದು ಹತ್ತು ಕ್ಷೌರಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಸಲಕ್ಕೆ 16 ರೂಪಾಯಿ ಆಯಿತು. ದಿನ ಬಿಟ್ಟು ದಿನ ಗಡ್ಡ ತೆಗೆಯುವವರಿಗೆ ವರ್ಷಕ್ಕೆ ಸುಮಾರು 180 ಸಲವಾದರೆ 2,880 ರೂಪಾಯಿ. ಅದೇ ಹಳೆಯ ಕಾಲದ ಇಬ್ಬದಿಯ ಬ್ಲೇಡು ನಾಲ್ಕು ರೂಪಾಯಿಯದು ನಾಲ್ಕು ಸಲಕ್ಕೆ ಬಂದರೆ ಸಲಕ್ಕೆ ಒಂದು ರೂಪಾಯಿ, ವರ್ಷಕ್ಕೆ 180 ರೂಪಾಯಿ. ಒಳ್ಳೆಯ ಲೋಹದ ರೇಜರ್‌ಗೆ ಮೊದಲು ಐನೂರು ರೂಪಾಯಿ ಕೊಟ್ಟರೂ ಆ ಹಣ ಮೂರು ತಿಂಗಳಲ್ಲಿ ಮರಳಿ ಬರುತ್ತದೆ, ರೇಜರ್ ಮಾತ್ರ ಹತ್ತಾರು ವರ್ಷ ಉಳಿಯುತ್ತದೆ.

ಈ ಬ್ಲೇಡು ಇಷ್ಟು ಅಗ್ಗವಾಗಿರುವುದಕ್ಕೆ ಕಾರಣವಿದೆ. ತೆಳು ಉಕ್ಕಿನ ಬ್ಲೇಡನ್ನು ಬದಲಿಸುತ್ತಾ ಹೋಗುವ ರೇಜರ್‌ಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದದ್ದು 1904ರಲ್ಲಿ. ಆ ಹಕ್ಕು ತೀರಿ ಬಹಳ ಕಾಲವಾಗಿರುವುದರಿಂದ ಯಾವ ಕಂಪನಿಯ ಬ್ಲೇಡಾದರೂ ಯಾವ ಕಂಪನಿಯ ರೇಜರ್‌ಗಾದರೂ ಕೂರುತ್ತದೆ, ಹೀಗಾಗಿ ತಯಾರಕರು ಬೆಲೆಯಲ್ಲಿ ಪೈಪೋಟಿ ನಡೆಸಲೇಬೇಕು. ಕಾರ್ಟ್ರಿಜ್ ಹಾಗಲ್ಲ, ಹಿಡಿಯನ್ನು ಯಾರಿಂದ ಕೊಂಡಿರೋ ಸಾಮಾನ್ಯವಾಗಿ ಅವರ ಬಳಿಗೇ ಮತ್ತೆ ಮತ್ತೆ ಹೋಗಬೇಕು. ಇಬ್ಬದಿಯ ಬ್ಲೇಡಿಗೆ ಹೆದರುವವರು ಒಂದೇ ಅಲಗಿನ ಅಗ್ಗದ ಕಾರ್ಟ್ರಿಜ್ ಬಳಸಬಹುದು. 2010ರಲ್ಲಿ ನಮ್ಮ ದೇಶಕ್ಕೆಂದೇ ಬಂದ ಜಿಲೆಟ್ ಗಾರ್ಡ್ ಆ ಬಗೆಯದು, ಆಗ ರೇಜರ್‌ಗೆ 15 ರೂಪಾಯಿ, ಬ್ಲೇಡಿಗೆ 5 ರೂಪಾಯಿ ಇತ್ತು.

ಆದರೆ ಯಾವ ಬ್ಲೇಡನ್ನೇ ಕೊಳ್ಳಿ, ಅದರ ಆಯುಸ್ಸನ್ನು ನಿರ್ಧರಿಸುವುದು ಮುಖ್ಯವಾಗಿ ನೀರು. ಒಣಗಿದ ಗಡ್ಡದ ಕೂದಲು ತಂತಿಯಂತೆ ಬಿರುಸಾಗಿರುತ್ತದೆ, ನೀರು ಹೀರಿಕೊಂಡ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಉಕ್ಕಿಗಿಂತ ಎಷ್ಟೋ ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು: ಅಂಚು ನಿಧಾನವಾಗಿ ಸವೆದು ಮೊಂಡಾಗುವುದಕ್ಕಿಂತ, ಕೂದಲು ಬಾಗಿ ಓರೆಯಾಗಿ ಒತ್ತಿದಾಗ ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಜಾಗಗಳಲ್ಲಿ ಅಂಚಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳು ಏಳುತ್ತವೆ. ಆದ್ದರಿಂದ ಸ್ನಾನವಾದ ಮೇಲೆ ಗಡ್ಡ ತೆಗೆಯುವುದು ಉತ್ತಮ. ಅದು ಆಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಕೆನ್ನೆ, ಗದ್ದದ ಮೇಲೆ ಒತ್ತಿ ಹಿಡಿಯಬೇಕು. ಅನಂತರ ಡಬ್ಬಿಯ ನೊರೆಗೆ ದುಡ್ಡು ಸುರಿಯುವ ಬದಲು ಗುಂಡನೆಯ ಕ್ಷೌರದ ಸಾಬೂನನ್ನು ಬ್ರಷ್ಷಿನಿಂದ ಉಜ್ಜಿ, ನೊರೆ ಮೊಸರಿನಷ್ಟು ಗಟ್ಟಿಯಾಗುವವರೆಗೆ ಮುಖದ ಮೇಲೆಯೇ ತಿರುಗಿಸಿದರೆ ಕೂದಲ ಬುಡಕ್ಕೂ ನೀರು ಇಳಿಯುತ್ತದೆ.

ಕೂದಲು ಮಲಗಿರುವ ದಿಕ್ಕನ್ನು ಅಂಗೈಯಿಂದ ಸವರಿ ತಿಳಿದುಕೊಳ್ಳಿ. ಸವರಿದ ಕಡೆ ನುಣುಪು, ತಿರುಗಿ ಸವರಿದರೆ ಗರಗರ. ಕೆನ್ನೆಯಲ್ಲಿ ಕೆಳಮುಖವಾಗಿರುವ ಕೂದಲು ಕತ್ತಿನಲ್ಲಿ ಅಡ್ಡಕ್ಕೋ ಮೇಲಕ್ಕೋ ಬೆಳೆದಿರುವುದು ಬಹಳ ಮಂದಿಯಲ್ಲಿ ಕಾಣುತ್ತದೆ, ಉರಿಯೂ ಗುಳ್ಳೆಯೂ ಏಳುವುದು ಅಲ್ಲಿಯೇ. ಆ ದಿಕ್ಕಿನಲ್ಲಿಯೇ, ರೇಜರ್‌ನ ತೂಕಕ್ಕಿಂತ ಹೆಚ್ಚು ಒತ್ತದೆ, ಚಿಕ್ಕ ಚಿಕ್ಕದಾಗಿ ಎಳೆಯಬೇಕು.

ಮುಗಿದ ಮೇಲೆ ಬ್ಲೇಡನ್ನು ಟವೆಲಿನಿಂದ ಒರೆಸುವುದು ದೊಡ್ಡ ತಪ್ಪು. ಅಂಚಿನ ಮೇಲಿರುವ ತೆಳುವಾದ ಲೇಪ ಹಾಳಾಗುತ್ತದೆ, ಬೆರಳೂ ಕುಯ್ಯುತ್ತದೆ. ತೊಳೆದು, ಕೊಡವಿ, ಬಚ್ಚಲಿನ ಹಬೆಯಿಂದ ಆಚೆ ಗಾಳಿಯಾಡುವ ಕಡೆ ಇಡಬೇಕು. ಕೋಲಾರದ ಕಡೆ, ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೇ ನಂಬಿರುವವರು ಬ್ಲೇಡಿನ ಮೇಲೆ ಬಿಳಿಯ ಪದರ ಕೂರುವುದನ್ನು ನೋಡಿರುತ್ತಾರೆ. ಅಂಥವರು ಕೊನೆಯಲ್ಲಿ ಒಂದು ಲೋಟ ಕುಡಿಯುವ ನೀರಿನಲ್ಲಿ ಬ್ಲೇಡನ್ನು ಅಲುಗಿಸಿ ತೆಗೆಯಬೇಕು. ಗಡಸು ನೀರಿನಲ್ಲಿ ನೊರೆಯೂ ಸರಿಯಾಗಿ ಏಳದ ಕಾರಣ ಸಾಬೂನಿಗೂ ಆ ಕುಡಿಯುವ ನೀರನ್ನೇ ಬಳಸುವುದು ಲೇಸು.

ನೂರು ಬ್ಲೇಡಿನ ಪೆಟ್ಟಿಗೆಯನ್ನೇ ಕೊಂಡರೆ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ ಬೀಳುತ್ತದೆ. ಆದರೆ ನಾನು ಒಮ್ಮೆ ಪರೀಕ್ಷಿಸದೆ ಹೊಸ ಬಗೆಯದೊಂದನ್ನು ನೂರು ತಂದು, ಅದು ನನ್ನ ಚರ್ಮಕ್ಕೆ ಒಗ್ಗದೆ ಮೂರನೆಯ ದಿನವೇ ಕತ್ತೆಲ್ಲ ಕೆಂಪಾಗಿ, ಉಳಿದವನ್ನು ನೆಂಟರಿಗೆ ಹಂಚಬೇಕಾಯಿತು. ಮೊದಲು ಟೋಪಾಜ್, ಸೆವೆನ್ ಓ ಕ್ಲಾಕ್ ಮುಂತಾದ ಎರಡು ಮೂರು ಬಗೆಗಳ ಐದೈದು ಬ್ಲೇಡುಗಳನ್ನು ತಂದು ನೋಡಿ, ಒಗ್ಗಿದ್ದನ್ನು ಮಾತ್ರ ಪೆಟ್ಟಿಗೆಯಾಗಿ ಕೊಳ್ಳಿ.

ಉಳಿತಾಯದ ಹೆಸರಿನಲ್ಲಿ ಮಾಡಬಾರದ್ದೂ ಇದೆ. ತಂದೆಯ ರೇಜರ್‌ನ್ನು ಮಗ, ಅಣ್ಣನದನ್ನು ತಮ್ಮ ಬಳಸಕೂಡದು. ಕಾಣದ ಗಾಯದ ರಕ್ತದಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡುವ ಅಪಾಯವಿದೆ. ಗ್ರಂಧಿಗೆ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಪಟಿಕದ ತುಂಡು ಸಣ್ಣ ಗೀರುಗಳ ರಕ್ತ ನಿಲ್ಲಿಸಲು ಬಹಳ ಒಳ್ಳೆಯದು, ಅದು ಕೂಡ ಒಬ್ಬೊಬ್ಬರಿಗೆ ಒಂದೊಂದಿರಲಿ. ಬ್ಲೇಡು ಕೂದಲನ್ನು ಕತ್ತರಿಸದೆ ಎಳೆಯತೊಡಗಿದ ದಿನ ಅದನ್ನು ತೆಗೆದುಬಿಡಿ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಒಂದೆರಡು ರೂಪಾಯಿಯ ಲೆಕ್ಕ ನೋಡದೆ ವಿದ್ಯುತ್ ಟ್ರಿಮ್ಮರ್ ಬಳಸುವುದು ಕ್ಷೇಮ.

ಹಳೆಯ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆದರೆ, ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ನಾನು ಕಾಫಿಪುಡಿಯ ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಬ್ಲೇಡು ಹಿಡಿಸುವಷ್ಟು ಸೀಳು ಮಾಡಿಸಿ, ಸುತ್ತಲೂ ಅಂಟುಪಟ್ಟಿ ಬಿಗಿದು ಬಚ್ಚಲಿನ ಗೂಡಿನಲ್ಲಿಟ್ಟಿದ್ದೇನೆ. ಆರು ವರ್ಷವಾದರೂ ಅದು ಅರ್ಧ ತುಂಬಿಲ್ಲ. ತುಂಬಿದ ದಿನ ಸೀಳನ್ನೂ ಮುಚ್ಚಿ, ಒಳಗೆ ಬ್ಲೇಡುಗಳಿವೆ ಎಂದು ಮೇಲೆ ದೊಡ್ಡದಾಗಿ ಬರೆದು, ಕಸದ ಗಾಡಿಯವರ ಕೈಗೇ ಹೇಳಿ ಕೊಡುತ್ತೇನೆ.