ಮಾಳಿಗೆಗೆ ಸುಣ್ಣ: ಬ್ರಷ್ ಹಿಡಿಯುವ ಮೊದಲು ನೀರು ಹೊಡೆಯಿರಿ

ಹೋದ ಬೇಸಿಗೆಯಲ್ಲಿ ವಿಜಯಪುರದ ನಮ್ಮ ಓಣಿಯ ನಾಲ್ಕು ಮನೆಯವರು ಮಾಳಿಗೆಗೆ, ಅಂದರೆ ತಾರಸಿಗೆ, ಸುಣ್ಣ ಬಳಿದರು. ಮಿರಗದ ಮಳೆ ಬೀಳುವ ಹೊತ್ತಿಗೆ ಮೂರು ಮನೆಗಳ ಸುಣ್ಣ ಪೈಪಿನಲ್ಲಿ ಹಾಲಿನ ಹಾಗೆ ಹರಿದು ಗಟಾರ ಸೇರಿತ್ತು. ಅವರಲ್ಲಿ ಒಬ್ಬರು ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದರು. "ನೋಡ್ರಿ, ಅಂಗೈ ಇಟ್ರ ಸಾಕು, ಎಲ್ಲಾ ಬೆಳ್ಳಗ ಬರ್ತೈತಿ. ಸುಣ್ಣದಾಂವ ಮೋಸ ಮಾಡ್ಯಾನ" ಅಂದರು. ಸುಣ್ಣದವನದೇನೂ ತಪ್ಪಿರಲಿಲ್ಲ. ಇವರೇ ಮಟಮಟ ಮಧ್ಯಾಹ್ನ, ಕಾದ ಹಂಚಿನಂಥ ಸ್ಲ್ಯಾಬಿನ ಮೇಲೆ, ಅಂಬಲಿಯಷ್ಟು ಗಟ್ಟಿಯಾಗಿ ಬಳಿದಿದ್ದರು. ನಾನೂ ಮೊದಲ ವರ್ಷ ಹೀಗೇ ಮಾಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಆರ್‌ಸಿಸಿ ಸ್ಲ್ಯಾಬ್ ಇಡೀ ದಿನ ಬಿಸಿಲು ಕುಡಿದು, ರಾತ್ರಿ ಆ ಕಾವನ್ನು ನಮ್ಮ ತಲೆಯ ಮೇಲೆ ಇಳಿಸುತ್ತದೆ. ಫ್ಯಾನ್ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಮಾಳಿಗೆ ಬೆಳ್ಳಗಿದ್ದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಇದಕ್ಕೆ ಸುಣ್ಣಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಆದರೆ ಎಲ್ಲರಿಗೂ ಇದು ಬೇಡ. ಬೆಳಗಾವಿ ಊರು, ಖಾನಾಪುರ ಕಡೆಯವರು ಸುಣ್ಣಕ್ಕೆ ದುಡ್ಡು ಹಾಕಬೇಡಿ. ಅಲ್ಲಿನ ಮಳೆಗೆ ಅದು ನಿಲ್ಲುವುದು ಕಷ್ಟ. ಪಾಚಿ ಕಟ್ಟಿ ಮಾಳಿಗೆ ಕಪ್ಪಾಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಸೋರಿಕೆ. ಮೇಲ್ಮುದ್ದೆ (ಮಣ್ಣಿನ ಚಾವಣಿ) ಮನೆಗೂ ಈ ಲೇಖನ ಹೊಂದುವುದಿಲ್ಲ, ಅದರ ಕೆಲಸವೇ ಬೇರೆ. ನಾನು ಹೇಳುತ್ತಿರುವುದು ವಿಜಯಪುರ, ಬಾಗಲಕೋಟೆ ಕಡೆಯ ಸಿಮೆಂಟ್ ಮಾಳಿಗೆಗೆ.

ಯಾವಾಗ?

ಹೋಳಿ ಮುಗಿದ ಮೇಲೆ, ಯುಗಾದಿಯ ಒಳಗೆ. ಮನೆಯಲ್ಲಿ ಶಾವಿಗೆ, ಸಂಡಿಗೆ ಯಾವಾಗ ಹಾಕುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಕೇಳದೆ ಸುಣ್ಣ ಕಲಸಿದರೆ ಆಗುವ ಜಗಳಕ್ಕೆ ನಾನು ಜವಾಬ್ದಾರನಲ್ಲ.

ಮೊದಲ ಕೆಲಸ: ಗುಡಿಸಿ, ತೊಳೆಯಿರಿ, ನೀರು ಚಿಮುಕಿಸಿ ನೋಡಿ

ಗಟ್ಟಿ ಬಾರಿಗೆಯಿಂದ ತಿಕ್ಕಿ ತೊಳೆಯಿರಿ. ಎದ್ದ ಹಳೇ ಸುಣ್ಣವಿದ್ದರೆ ಕೆರೆದು ತೆಗೆಯಿರಿ. ಒಣಗಿದ ಮೇಲೆ ಅಲ್ಲಲ್ಲಿ ಒಂದು ಹಿಡಿ ನೀರು ಚಿಮುಕಿಸಿ. ನೆಲ ಅದನ್ನು ಹೀರಿಕೊಂಡು ಕಪ್ಪಾದರೆ ಸುಣ್ಣ ಹಿಡಿಯುತ್ತದೆ. ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿಹನಿಯಾಗಿ ನಿಂತರೆ, ಹಿಂದೆ ಯಾರೋ ಅಲ್ಲಿ ವಾಟರ್‌ಪ್ರೂಫ್ ಬಣ್ಣ ಹೊಡೆದಿದ್ದಾರೆ ಎಂದು ಅರ್ಥ. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅಂಥವರು ಬಿಳಿ ಬಣ್ಣವನ್ನೇ ಮತ್ತೆ ಹೊಡೆಯಬೇಕು.

ಬಿರುಕುಗಳು

ಇಲ್ಲಿ ಜನ ಮಾಡುವ ತಪ್ಪು ಒಂದೇ. ಸಿಮೆಂಟ್ ಹಾಲು ಕಲಸಿ ಬಿರುಕಿನ ಮೇಲೆ ಸುರಿಯುತ್ತಾರೆ. ಸ್ಲ್ಯಾಬ್ ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟ್ ಹಿಗ್ಗಿ ಬಗ್ಗುವ ವಸ್ತುವಲ್ಲ, ಹಾಗಾಗಿ ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ. ಕೂದಲೆಳೆಯಂಥ ಬಿರುಕನ್ನು ಬಿಟ್ಟುಬಿಡಿ, ಸುಣ್ಣವೇ ಅದನ್ನು ತುಂಬುತ್ತದೆ. ಉಗುರು ಸಿಕ್ಕುವಷ್ಟು ಅಗಲದ್ದನ್ನು ಉಳಿ, ಸುತ್ತಿಗೆಯಿಂದ ಸುಮಾರು 10 ಮಿಲಿಮೀಟರ್ ಅಗಲ, ಅಷ್ಟೇ ಆಳಕ್ಕೆ ಬಿಡಿಸಿ. ಧೂಳು ಪೂರ್ತಿ ತೆಗೆದು, ಒಣಗಿಸಿ, ರಬ್ಬರಿನ ಹಾಗೆ ಎಳೆದರೆ ಬರುವ ಬಿರುಕಿನ ಪೇಸ್ಟ್ ತುಂಬಿ. ಅಂಗಡಿಯವನು "ಇದೂ ಅದೇ ರೀ" ಎಂದು ಗೋಡೆಯ ಪುಟ್ಟಿ ಕೊಡುತ್ತಾನೆ. ತಗೋಬೇಡಿ. ಒಂದು ಮಳೆಗೆ ಅದು ಹಿಟ್ಟಾಗುತ್ತದೆ. ಕಬ್ಬಿಣ ಕಾಣುವಷ್ಟು ಸ್ಲ್ಯಾಬ್ ಬಿಟ್ಟಿದ್ದರೆ ನೀವೇ ಮಾಡಲು ಹೋಗದೆ ಗೌಂಡಿಯನ್ನು ಕರೆಸಿ.

ಸುಣ್ಣ ಆರಿಸುವುದು

ನನ್ನ ಮತ ಹರಳು ಸುಣ್ಣಕ್ಕೆ, ಅಂದರೆ ಭಟ್ಟಿಯಲ್ಲಿ ಸುಟ್ಟ, ಇನ್ನೂ ನೀರು ತಾಗದ ಸುಣ್ಣದ ಗಟ್ಟಿಗೆ. ಚೀಲದಲ್ಲಿ ಬರುವ ಪುಡಿ ಸುಣ್ಣ ಒಳ್ಳೆಯದಿರಬಹುದು. ಆದರೆ ಅದರಲ್ಲಿ ಸುಣ್ಣ ಎಷ್ಟು, ಚಾಕ್ ಪುಡಿ ಎಷ್ಟು ಎಂದು ಕಣ್ಣಿಗೆ ಕಾಣುವುದಿಲ್ಲ. ಚಾಕ್ ಪುಡಿಗೆ ತಾನಾಗಿ ಹಿಡಿದುಕೊಳ್ಳುವ ಗುಣ ಇಲ್ಲ, ಬರೀ ಬೆಳ್ಳಗಿರುತ್ತದೆ ಅಷ್ಟೆ. ಹರಳಾದರೆ ಅಂಗಡಿ ಮುಂದೆಯೇ ಪರೀಕ್ಷೆ ಮಾಡಬಹುದು. ಒಂದು ಹರಳನ್ನು ಕಬ್ಬಿಣದ ಬೋಗುಣಿಯ ನೀರಿಗೆ ಹಾಕಿ ದೂರ ನಿಲ್ಲಿ. ಸ್ವಲ್ಪ ಹೊತ್ತಿಗೆ ಸುಂಯ್ ಎಂದು ಹಬೆ ಬಿಟ್ಟು ಒಡೆದರೆ ಜೀವ ಇದೆ. ಸುಮ್ನೆ ಮುಳುಗಿ ಕೂತರೆ ಗಾಳಿ ತಾಗಿ ಸತ್ತ ಸುಣ್ಣ ಅದು. ನಮ್ಮ ಮಾಳಿಗೆ 20 ಅಡಿಗೆ 30 ಅಡಿ. ಮೂರು ಕೈ (ಮೂರು ಪದರ) ಬಳಿಯಲು 15 ಕೆ.ಜಿ. ತಂದರೆ ನನಗೆ ಸ್ವಲ್ಪ ಉಳಿಯುತ್ತದೆ.

ಅರಳಿಸುವುದು

ಸುಣ್ಣ ನೀರಿಗೆ ಬಿದ್ದಾಗ ನೀರು ಕುದಿಯುವಷ್ಟು ಬಿಸಿಯಾಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬಕೆಟ್ ಬೇಡ, ಮೆತ್ತಗಾಗಿ ಬಾಯಿ ಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಕಬ್ಬಿಣದ ಡ್ರಮ್ಮಿಗೆ ಅರ್ಧದಷ್ಟು ಮೊದಲು ನೀರು ತುಂಬಿ. ಆಮೇಲೆ ಹರಳನ್ನು ಒಂದೊಂದಾಗಿ ಬಿಡಿ. ಹರಳು ಹಾಕಿ ಮೇಲೆ ನೀರು ಸುರಿದರೆ ಮುಖಕ್ಕೇ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಮಕ್ಕಳನ್ನು ಕೆಳಗೇ ಕಳಿಸಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. 15–20 ನಿಮಿಷ ಬಿಡದೆ ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ.

ಕೋಲಿನಿಂದ ತಿರುವಿ, ನೀರು ಮೇಲೆ ನಿಲ್ಲುವಂತೆ ಮುಚ್ಚಿಡಿ. ಕಡಿಮೆ ಎಂದರೆ ಒಂದು ದಿನ. ನಾನು ನಾಲ್ಕು ದಿನ ಬಿಡುತ್ತೇನೆ. ಬೇಗ ಬಳಿದರೆ ಒಳಗೆ ಅರಳದೆ ಉಳಿದ ಸಣ್ಣ ಹರಳು ಮಾಳಿಗೆಯ ಮೇಲೆ ಅರಳಿ, ಗುಳ್ಳೆ ಎಬ್ಬಿಸುತ್ತದೆ.

ಹದ

ಹಳೇ ಧೋತರದ ಬಟ್ಟೆಯಲ್ಲಿ ಸೋಸಿ. ಒಟ್ಟು ಲೆಕ್ಕ 1 ಕೆ.ಜಿ. ಹರಳಿಗೆ 5 ಲೀಟರ್ ನೀರು. ನೀರು ಬೆರೆಸಿದ ಮಜ್ಜಿಗೆಯ ಹಾಗಿರಬೇಕು. ಬೆರಳು ಅದ್ದಿ ತೆಗೆದರೆ ಉಗುರು ಕಾಣಬೇಕು.

ಇನ್ನು ಇದಕ್ಕೆ ಏನು ಸೇರಿಸಬೇಕು ಎಂದು ಹತ್ತು ಜನ ಹತ್ತು ಹೇಳುತ್ತಾರೆ. ಉಪ್ಪು ಹಾಕಿ ಎನ್ನುವವರೇ ಜಾಸ್ತಿ. ಗೋಡೆಯ ಸುಣ್ಣಕ್ಕೆ ಉಪ್ಪು ಹಾಕುವುದು ಹಳೇ ರೂಢಿ, ಅದರಿಂದ ಸುಣ್ಣ ಚೆನ್ನಾಗಿ ಹಿಡಿಯುವುದೂ ನಿಜ. ಆದರೆ ಮಾಳಿಗೆಗೆ ನಾನು ಒಂದು ಚಿಟಿಕೆಯನ್ನೂ ಹಾಕುವುದಿಲ್ಲ. ಸ್ಲ್ಯಾಬಿನೊಳಗೆ ಕಬ್ಬಿಣದ ಸರಳು ಇದೆ. ಉಪ್ಪು ನೀರಿನ ಜತೆ ಬಿರುಕಿನಲ್ಲಿ ಇಳಿದರೆ ಸರಳಿಗೆ ತುಕ್ಕು. ತುಕ್ಕು ಹಿಡಿದ ಸರಳು ಉಬ್ಬಿ ಸ್ಲ್ಯಾಬನ್ನೇ ಒಡೆಯುತ್ತದೆ. ಮರಗೆಲಸದ ಬಿಳಿ ಅಂಟನ್ನೂ ಕೆಲವರು ಸುರಿಯುತ್ತಾರೆ. ಅದು ಮಳೆಯಲ್ಲಿ ನೆನೆದು ಮತ್ತೆ ಮೆತ್ತಗಾಗುತ್ತದೆ. ನೀಲಿ ಹಾಕುವುದು ಗೋಡೆಯ ಚೆಂದಕ್ಕೆ. ಮಾಳಿಗೆಯನ್ನು ನೋಡುವವರು ಪಾರಿವಾಳಗಳು ಮಾತ್ರ, ಅಲ್ವಾ?

ಬಳಿಯುವುದು

ಎಲ್ಲರೂ ಸೋಲುವುದು ಇಲ್ಲೇ. ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಸುಣ್ಣ ಬಣ್ಣದ ಹಾಗೆ ಒಣಗಿ ಹಿಡಿಯುವ ವಸ್ತುವಲ್ಲ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗಿ ಹರಳು ಉಳಿಯುತ್ತದೆ. ನೀರಿನಲ್ಲಿ ಅರಳಿಸಿ ಮಾಳಿಗೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಗೋಳಗುಮ್ಮಟದ ಇಟ್ಟಿಗೆಗಳನ್ನು 1656ರಿಂದ ಹಿಡಿದು ನಿಲ್ಲಿಸಿರುವ ಗಾರೆಯೂ ಸುಣ್ಣದ್ದೇ. ಆದರೆ ಈ ಕಲ್ಲಾಗುವ ಕೆಲಸಕ್ಕೆ ತೇವ ಬೇಕು. ಹತ್ತು ನಿಮಿಷದಲ್ಲಿ ನೀರು ಆರಿಹೋದರೆ ಕಲ್ಲಾಗುವ ಮೊದಲೇ ಅದು ಬರೀ ಪುಡಿಯಾಗಿ ಕೂರುತ್ತದೆ. ನಮ್ಮ ಓಣಿಯವರ ಅಂಗೈಗೆ ಹತ್ತಿದ್ದು ಆ ಪುಡಿ.

ಹಾಗಾಗಿ ಸಂಜೆ ಬಳಿಯಬೇಕು. ಬೆಳಗಿನ ಜಾವ ಸ್ಲ್ಯಾಬ್ ಇನ್ನೂ ತಣ್ಣಗಿರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ, ಆದರೆ ಒಂಬತ್ತಕ್ಕೆ ಬಿಸಿಲು ಏರುತ್ತದೆ. ಸಂಜೆ ಬಳಿದರೆ ಇಡೀ ರಾತ್ರಿ ತೇವ ಉಳಿಯುತ್ತದೆ.

ನಳದ ನೀರು ಬರುವ ದಿನ ನೋಡಿಕೊಳ್ಳಿ. ನಾಲ್ಕೂವರೆಗೆ ಮಾಳಿಗೆಗೆ ಒಂದು ಸಲ ನೀರು ಹೊಡೆಯಿರಿ. ಅದು ಹಬೆಯಾಗಿ ಹೋಗುತ್ತದೆ, ಹೋಗಲಿ, ಅದು ಕಾವು ಇಳಿಸುವುದಕ್ಕೆ. ಐದೂವರೆಗೆ ಮತ್ತೊಮ್ಮೆ. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಹತ್ತು ಎಣಿಸಿ. ಕಾಲು ಎತ್ತಬೇಕು ಅನಿಸಿದರೆ ಇನ್ನೂ ಕಾಯಿರಿ. ತಣ್ಣಗಾಗಿದ್ದರೆ ಬಳಿಯುವ ಜಾಗಕ್ಕಷ್ಟೇ ಮೂರನೇ ಸಲ ಚಿಮುಕಿಸಿ. ನೆಲ ಒದ್ದೆಯಾಗಿ ಕಪ್ಪಾಗಿರಬೇಕು, ನೀರು ನಿಂತಿರಬಾರದು. ಇದಕ್ಕೆ ಬೆನ್ನಿಗೆ ಹಾಕುವ ಪಂಪ್ ಬಹಳ ಚೆನ್ನಾಗಿದೆ. ಆದರೆ ಹೊಲಕ್ಕೆ ಔಷಧ ಹೊಡೆದ ಪಂಪ್ ತರಬೇಡಿ, ನಾಳೆ ಅಲ್ಲೇ ಸಂಡಿಗೆ ಹಾಕುತ್ತೀರಿ.

ಮೆಟ್ಟಿಲಿಗೆ ದೂರದ ಮೂಲೆಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ ಬನ್ನಿ. ಅಗಲದ ಬ್ರಷ್ ಅಥವಾ ಮೆತ್ತನೆಯ ಬಾರಿಗೆ ಸಾಕು. ರೋಲರ್ ನನಗೆ ಹಿಡಿಸುವುದಿಲ್ಲ, ಅದು ಮೇಲೆ ಮೇಲೆ ಹಚ್ಚುತ್ತದೆ, ನೆಲದ ತೂತಿಗೆ ಉಜ್ಜುವುದಿಲ್ಲ. ಸುಣ್ಣ ತಳಕ್ಕೆ ಕೂರುತ್ತಲೇ ಇರುತ್ತದೆ. ಪ್ರತಿ ಸಲ ಬ್ರಷ್ ಅದ್ದುವ ಮೊದಲು ಬಕೆಟ್ ತಿರುವಿ, ಇಲ್ಲದಿದ್ದರೆ ಅರ್ಧ ಮಾಳಿಗೆಗೆ ನೀರು, ಅರ್ಧಕ್ಕೆ ಗಸಿ.

ಈಗ ನಿಮ್ಮ ಮನಸ್ಸು ಕೆಡುವ ಗಳಿಗೆ ಬರುತ್ತದೆ. ಮೊದಲ ಕೈ ಬಳಿದಾಗ ಏನೂ ಕಾಣುವುದಿಲ್ಲ. ಸುಮ್ನೆ ನೀರು ಸವರಿದ ಹಾಗಿರುತ್ತದೆ. ಮೇಲೆ ಬಂದವರು "ಏನ್ರೀ, ಇಷ್ಟ ತೆಳ್ಳಗ?" ಎನ್ನುತ್ತಾರೆ. ಕೂಡಲೇ ಕೈ ಡ್ರಮ್ಮಿನ ತಳದ ಗಟ್ಟಿ ಸುಣ್ಣದ ಕಡೆ ಹೋಗುತ್ತದೆ. ಹೋಗಬಾರದು. ಒದ್ದೆ ಸುಣ್ಣದ ಬಣ್ಣ ಕಾಣುವುದಿಲ್ಲ, ಅದು ಆರುತ್ತ ಬೆಳ್ಳಗಾಗುತ್ತದೆ. ಬೆಳಿಗ್ಗೆ ಎದ್ದು ನೋಡಿ, ಆಮೇಲೆ ಮಾತಾಡಿ. ದಪ್ಪಗೆ ಬಳಿದದ್ದು ಮೇಲೆ ಒಣಗಿ, ಒಳಗೆ ಹಸಿ ಉಳಿದು, ಕೆರೆಯ ಮಣ್ಣಿನ ಹಾಗೆ ಸೀಳಿ ಹಪ್ಪಳದಂತೆ ಏಳುತ್ತದೆ.

ಮರುದಿನ ಸಂಜೆ ಮತ್ತೆ ನೀರು, ಮತ್ತೆ ಬರಿಗಾಲು, ಎರಡನೇ ಕೈ. ಈ ಸಲ ಮೊದಲಿನದಕ್ಕೆ ಅಡ್ಡವಾಗಿ ಬಳಿಯಿರಿ. ಮೂರನೇ ದಿನ ಮೂರನೆಯದು. "ಒಂದೇ ದಿನ ಎರಡು ಕೈ ಮುಗಿಸಿಬಿಡೋಣ" ಎನ್ನುವ ಕೂಲಿಯವರಿಗೆ ಚಹಾ ಕುಡಿಸಿ ಮನೆಗೆ ಕಳಿಸಿ.

ಆಮೇಲೆ

ಮೂರು ದಿನ ಬೆಳಿಗ್ಗೆ, ಸಂಜೆ ತೆಳ್ಳಗೆ ನೀರು ಚಿಮುಕಿಸಿ. ಒಂದು ವಾರ ಯಾರೂ ತಿರುಗಾಡಬಾರದು. ಮಾಳಿಗೆಯ ಮೇಲೆ ಮಲಗುವವರು ಅಷ್ಟು ದಿನ ಅಂಗಳದಲ್ಲಿ ಹಾಸಿಗೆ ಹಾಕಿಕೊಳ್ಳಲಿ. ಹಗಲು ಮೇಲೆ ಹೋಗುವಾಗ ಕಪ್ಪು ಕನ್ನಡಕ ಇರಲಿ, ಬಿಳುಪು ಕಣ್ಣು ಕುಕ್ಕುತ್ತದೆ. ಮಳೆ ನೀರು ಹಿಡಿಯುವವರು ಮೊದಲ ಎರಡು ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹಾಯಿಸಿ.

ಡ್ರಮ್ಮಿನಲ್ಲಿ ಉಳಿದ ಸುಣ್ಣವನ್ನು ಚೆಲ್ಲಬೇಡಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಗಾಳಿ ಆಡದಂತೆ ಮುಚ್ಚಿ ನೆರಳಿನಲ್ಲಿಟ್ಟರೆ ಮುಂದಿನ ಹೋಳಿಯ ತನಕ ಕೆಡುವುದಿಲ್ಲ. ನೀರು ಆರದಂತೆ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ.